ಬಾಂಬು ದಬ್ಬಾಂವನ ಟ್ರಂಕ್ ಕಾಲ್

ನಮ್ಮ ಮನ್ಯಾಗ ನಗೂವಂಥಾದ್ದು ಒಂದಿಲ್ಲೊಂದು ನಡದ ನಡೀತೈತ್ರಿ. ಈಗ ಜಲನಗರದಾಗ ಪೆನ್ಶನ್ ತಗೊಂಡು ಕುಂತಾಗೂ ನಡೀತೈತಿ, ಎಪ್ಪತ್ತೊಂದರ ಯುದ್ಧದಾಗ ಮುಗಿಲಾಗ ಹಾರ್ಯಾಡುವಾಗೂ ನಡೀತು. ಆಗ ನನಗ ಇಪ್ಪತ್ಮೂರು. ಮದುವಿ ಆಗಿ ಏಳು ತಿಂಗಳಾಗಿತ್ತು. ಹೆಂಡ್ತಿ ಜೋಡಿ ಇದ್ದದ್ದು ಬರೇ ಹನ್ನೊಂದು ದಿನ. ಕನಮಡಿ ಊರಿನ ಹುಡುಗಿ, ಬಾಳ ನಾಚಿಕಿ. ಆ ಹನ್ನೊಂದು ದಿನದಾಗ ನನ್ನ ಜೋಡಿ ಆಡಿದ ಮಾತು ಎಣಿಸಿದ್ರ ಕೈಬೆರಳು ಇನ್ನೂ ಉಳೀತಿದ್ವು. ದೂರದ ಊರಾಗ ಕುಂತು ಆಕಿ ದನಿ ನೆನಸಕೋತಿದ್ದೆ. ದಿನಾ ಹೋದಂಗ ಅದೂ ಮರತಹೋಗಾಕತ್ತಿತ್ತು. ಒಮ್ಮೆ ಕೇಳಿದ್ರ ಸಾಕು ಅಂತ ಜೀವಾ ಹಪಹಪಿಸ್ತಿತ್ತು.

೧. ಹಿಂದ ನಿಂತಾಂವ

ನಾ ಇದ್ದದ್ದು ಸಾಮಾನು ಹೊರೂ ದೊಡ್ಡ ವಿಮಾನದಾಗ. ಆಫೀಸರ್ ಅಲ್ಲ, ಸಾದಾ ಸಿಪಾಯಿ. ಹಾರುವಾಗ ಹಿಂದಿನ ಬಾಗಲಾ ತೆರದ ಕೂಡ್ಲೆ, ಸೊಂಟಕ್ಕ ಪಟ್ಟಾ ಬಿಗಕೊಂಡು, ಗುಡ್ಡದಾಗಿನ ಸೈನಿಕರಿಗೆ ಹಿಟ್ಟಿನ ಚೀಲ ಕೆಳಗ ದಬ್ಬೂದು ನನ್ನ ಕೆಲಸ. ಯುದ್ಧ ಸುರು ಆದಮ್ಯಾಲ ಅದ ವಿಮಾನದಾಗ ಚೀಲದ ಬದಲಿ ಬಾಂಬು ಬಂದ್ವು. ದಬ್ಬಾಂವ ಮಾತ್ರ ನಾನ.

ಮದುವಿ ರಜಾಕ್ಕ ಬಂದಾಗ ನಮ್ಮಪ್ಪ ತಿಕೋಟಾದ ಚಾದಂಗಡ್ಯಾಗ "ನನ್ನ ಮಗಾ ವಿಮಾನ ನಡಸ್ತಾನ" ಅಂತ ಬಡಾಯಿ ಕೊಚ್ಚಾಕತ್ತಿದ್ದ. ನನಗ ಸುಳ್ಳು ಸೇರಾಂಗಿಲ್ಲ. ಅಂಗಡಿಯಾವಗ, "ಇಲ್ರಿ ಕಾಕಾ, ಮುಂದ ಕುಂತು ನಡಸಾವ್ರು ಬ್ಯಾರೆ. ನಾ ಹಿಂದ ನಿಂತು ದಬ್ಬಾಂವ" ಅಂದೆ.

ಘೋಣಸಗಿಯ ಮುದುಕಪ್ಪ ಒಬ್ಬಾಂವ ಚಾದ ಬಸಿ ಕೆಳಗಿಟ್ಟು, "ಅಯ್ಯ ಯಪ್ಪಾ! ನಮ್ಮೂರ ಬಸ್ಸಿಂದಷ್ಟ ಈ ಹಣೇಬಾರ ಅಂತ ಮಾಡಿದ್ದೆ. ವಿಮಾನಾನೂ ದಬ್ಬಿನ ಚಾಲೂ ಮಾಡ್ತಾರ?" ಅಂದ.

೨. ಎಮ್ಮಿಗೆ ಬರದ ಕಾಗದ

ಯುದ್ಧದಾಗ ನಮ್ಮ ಕಾಗದ ಆಫೀಸರ್ ನೋಡಿದ ಮ್ಯಾಲ ಟಪಾಲಿಗೆ ಹೋಗ್ತಿದ್ವು. ನಾ ಬರದದ್ದು ಕನ್ನಡದಾಗ, ಸಾಹೇಬ್ರು ಪಂಜಾಬದವ್ರು. "ನೀನ ಓದಿ ಹಿಂದಿಯೊಳಗ ಹೇಳು" ಅಂದ್ರು. ಅದರಾಗ ಏನೈತಿ? ನಿನ್ನ ನೆನಪು ಬಾಳ ಬರ್ತೈತಿ, ಉಣ್ಣಾಕ ಕುಂತ್ರೂ ನೀನ, ಮಲಗಿದ್ರೂ ನೀನ. ಅಂಥಾ ಹುರಿಮೀಸಿ ಸಾಹೇಬ್ರ ಮುಂದ ಹೆಂಗ ಓದ್ಲಿ?

"ಮನ್ಯಾಗಿನ ಎಮ್ಮಿ ಹೆಂಗೈತಿ ಅಂತ ಕೇಳೇನ್ರಿ" ಅಂದೆ.

"ಮುಂದ?"

"ಮೇವು ಸರಿಯಾಗಿ ತಿಂತೈತೇನು ಅಂತ್ರಿ."

"ಎರಡನೇ ಹಾಳಿ?"

"ಅದೂ ಎಮ್ಮೀದ್ರಿ."

ಸಾಹೇಬ್ರು ನನ್ನ ಮುಖಾ ನೋಡಿದ್ರು, ಕಣ್ಣೀರು ಬಿದ್ದು ಮಸಿ ಹರಡಿದ್ದ ಹಾಳಿ ನೋಡಿದ್ರು. ಠಪ್ ಅಂತ ಶಿಕ್ಕಾ ಹೊಡದು, "ಕೆಳಗ ಇನ್ನೊಂದು ಸಾಲು ಬರಿ. ಸಾಹೇಬ್ರು ಎಮ್ಮಿಗೆ ರಾಮ್ ರಾಮ್ ಹೇಳ್ಯಾರ" ಅಂದ್ರು.

೩. ಹೆಸರು ಹೇಳ್ರಿ

ಹತ್ತು ದಿನ ನನ್ನ ಕಾಗದ ಊರಿಗೆ ಮುಟ್ಟಲಿಲ್ಲ. ರೇಡಿಯೋದಾಗ ವಿಮಾನ ಬಿದ್ದ ಸುದ್ದಿ. ಅವ್ವ ಮತ್ತ ನನ್ನ ಹೆಂಡ್ತಿ ತಡಕೋಲಾರದ ಬಸ್ ಹತ್ತಿ, ನನಗ ಟ್ರಂಕ್ ಕಾಲ್ ಹಚ್ಚಸಾಕ ವಿಜಾಪುರದ ತಾರ ಆಫೀಸಿಗೆ ಬಂದಾರ. ಇದೆಲ್ಲಾ ಆಮ್ಯಾಲ ಅವ್ವ ಹೇಳಿದ್ದು. ನಾ ಕೊಟ್ಟುಹೋದ ಚೀಟಿಯಾಗ ಬರೇ ನಮ್ಮ ಕ್ಯಾಂಪಿನ ಫೋನ್ ನಂಬರ್ ಇತ್ತು, ನನ್ನ ಹೆಸರಿರಲಿಲ್ಲ.

ಆಪರೇಟರ್ ಕೇಳ್ಯಾನ, "ಯಾರ ಜೋಡಿ ಮಾತಾಡಬೇಕ್ರಿ?"

ಹೆಂಡ್ತಿ ಸೆರಗು ಬಾಯಿಗೆ ಹಿಡದು, "ನಮ್ಮ ಮನಿಯವರ ಜೋಡಿ" ಅಂದಾಳ.

"ಹೆಸರೇನವಾ?"

ಗಂಡನ ಹೆಸರು ಹೆಂಗ ಹೇಳ್ಯಾಳು? ಆತ ಅವ್ವನ ಕಡೆ ತಿರುಗಿ, "ಯವ್ವಾ, ನಿನ್ನ ಮಗಾ ಅಲ್ಲೇನು? ನೀನರೆ ಹೇಳು" ಅಂದಾನ. ಅಲ್ಲೂ ಅದ ಫಜೀತಿ. ನನಗ ಇಟ್ಟದ್ದು ನಮ್ಮಜ್ಜನ ಹೆಸರು. ಅದಕ್ಕ ಅವ್ವ ನನ್ನ ಸಣ್ಣಾವಿದ್ದಾಗಿಂದ 'ತಮ್ಮಾ' ಅಂತನ ಕರೀತಿದ್ಲು.

"ನಮ್ಮ ಮಾವನವರ ಹೆಸರು ಅವಂದು. ನಾ ಹೆಂಗ ಹೇಳ್ಲೋ ಯಪ್ಪಾ? ನಾಲಿಗಿ ಬಿದ್ದಹೋಗ್ತೈತಿ!"

"ಹೆಸರಿಲ್ಲದ ಕಾಲ್ ಹತ್ತಾಂಗಿಲ್ಲ. ಮನಿಗಿ ಹೋಗ್ರಿ."

ಆಗ ನನ್ನ ಹೆಂಡ್ತಿ ಕಣ್ಣಾಗ ನೀರು ತಂದಕೊಂಡು, ಮದುವ್ಯಾಗ ಗಂಡನ ಹೆಸರು ಹೇಳಸ್ತಾರಲ್ಲ, ಹಂಗ ಇಡೀ ಆಫೀಸಿಗೆ ಕೇಳೂವಂಗ ಒಡಪಾ ಹಾಕ್ಯಾಳ:

"ಬದುವಿನ ಮ್ಯಾಲ ಬಾರಿ ಗಿಡಾ, ಗಿಡದ ತುಂಬಾ ಕಾಯಿ,
ಸಂಗಪ್ಪನವರು ಬರೂತನಕಾ ತೆರ್ಯಾಂಗಿಲ್ಲ ಬಾಯಿ!"

ಸಾಲಾಗ ನಿಂತ ಮಂದಿ ಚಪ್ಪಾಳಿ ಹೊಡದಾರ. ಆಪರೇಟರ್ ನಕ್ಕೋತ ಕಾಲ್ ಹಚ್ಯಾನ.

ಇತ್ತ ನಾ ಓಡಿ ಬಂದು ಫೋನ್ ಹಿಡದೆ. "ತಮ್ಮಾ, ಆರಾಮ ಅದಿಯೇನೋ?" ಅಂತ ಅವ್ವ ಅತ್ತು, ಸೊಸಿ ಕೈಯಾಗ ಕೊಟ್ಲು. ನಾ ಫೋನ್ ಕಿವಿಗೆ ಒತ್ತಿ ಹಿಡದೆ.

"ಆರಾಮ ಅದಿ?" ಅಂದೆ. ದನಿ ಇಲ್ಲ.

"ಹೊತ್ತಿಗೆ ಉಣ್ತಿ?" ದನಿ ಇಲ್ಲ.

"ನನ್ನ ನೆನಪ ಬರ್ತೈತಿ?" ಬಳಿ ಸಪ್ಪಳ ಬಿಟ್ರ ಏನೂ ಕೇಳಲಿಲ್ಲ. ಮೂರು ಮಿನಿಟಿಗೆ ಲೈನ್ ಹೋತು. ಗೋಡಿ ಕಡೆ ಮುಖಾ ಮಾಡಿ ಅತ್ತುಬಿಟ್ಟೇನ್ರಿ. ತಾರ ಆಫೀಸಿನ ಮಂದಿಗೆಲ್ಲಾ ಕೇಳಿದ ದನಿ ನನಗೊಬ್ಬಾಂವಗ ಕೇಳಲಿಲ್ಲ.

ಯುದ್ಧ ಮುಗದು ರಜಾಕ್ಕ ಬಂದಾಗ ಜಗಳಾನ ತಗದೆ. "ಅಷ್ಟು ದೂರದಿಂದ ಕೇಳಾಕತ್ತಿದ್ದೆ, ಒಂದರೆ ಮಾತಿಗೆ ಜವಾಬು ಕೊಡಬಾರದಿತ್ತೇನು?"

ಆಕಿ ಕಣ್ಣು ಇಷ್ಟು ದೊಡ್ಡವು ಮಾಡಿ, "ಅಯ್ಯ, ಕೊಡಲಿಲ್ಲಂತ ಯಾರ ಹೇಳಿದ್ರು? ಕೇಳಿದ್ದಕ್ಕೆಲ್ಲಾ ಹೂಂ ಅಂತ ತಲಿ ಅಲ್ಲಾಡಿಸಿದ್ನಲ್ಲಾ! ನೆನಪ ಬರ್ತೈತಿ ಅಂತ ಕೇಳಿದಾಗಂತೂ ಲೈನ್ ಹೋಗೂತನಕಾ ಅಲ್ಲಾಡಿಸೇನಿ, ಕುತ್ತಿಗಿ ನೋಯಾಕತ್ತಿತ್ತು. ಸುಳ್ಳನಿಸಿದ್ರ ಅತ್ತಿಯವರ್ನ ಕೇಳ್ರಿ" ಅಂದ್ಲು.