ನಮ್ಮ ಬಚ್ಚಲುಮನೆಯ ಜೀರ್ಣೋದ್ಧಾರ

ಮನುಷ್ಯನಿಗೆ ಅತ್ಯಗತ್ಯವಾದದ್ದು ಯಾವುದು ಎಂದು ಮೂರು ತಿಂಗಳ ಹಿಂದೆ ಕೇಳಿದ್ದರೆ ನಾನೂ ಎಲ್ಲರ ಹಾಗೆ ಅನ್ನ, ಬಟ್ಟೆ, ಸೂರು ಎನ್ನುತ್ತಿದ್ದೆ. ಈಗ ಕೇಳಿದರೆ ಚಿಲಕ ಎನ್ನುತ್ತೇನೆ. ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ, ಆರಿಂಚಿನ, ಸಾಧಾರಣ ಕಬ್ಬಿಣದ ಚಿಲಕ. ಎಪ್ಪತ್ತೊಂದು ದಿನದಿಂದ ನಾನು ಹಿತ್ತಲಿನಲ್ಲಿ, ಮಾವಿನ ಮರದ ಬುಡದಲ್ಲಿ, ಮೂರು ತಗಡು ಮತ್ತು ಒಂದು ಗೋಣಿಪರದೆಯ ನಡುವೆ ನಿಂತು ಸ್ನಾನ ಮಾಡುತ್ತಿದ್ದೇನೆ. ತಗಡು ನನ್ನ ಎದೆಯವರೆಗೆ ಬರುತ್ತದೆ. ಅದರ ಮೇಲಿನದೆಲ್ಲ ಬಟ್ಟಬಯಲು.

ಇದಕ್ಕೆಲ್ಲ ಮೂಲ ನಾವು ಕೊಂಡ ಹಳೆಯ ಮನೆ. ನಿಜ ಹೇಳಬೇಕೆಂದರೆ ಮನೆ ಕೊಂಡವನು ನಾನು. ನನ್ನ ಹೆಂಡತಿ ಕೊಂಡದ್ದು ಮರ. ದಲ್ಲಾಳಿ ನಮ್ಮನ್ನು ಮುಂಬಾಗಿಲಿನಿಂದ ಒಳಗೆ ಕರೆದ. ಇವಳು ಹಿಂಬಾಗಿಲಿನಿಂದ ಹೊರಗೆ ಹೋದವಳು ಅರ್ಧ ಗಂಟೆ ತಿರುಗಿ ಬರಲಿಲ್ಲ. ನಾನು ಗೋಡೆಯ ಬಿರುಕಿಗೆ ಬೆರಳು ಹಾಕಿ, ತೊಲೆಗಳನ್ನು ತಟ್ಟಿ, ಸೋರುವ ಮೂಲೆಗಳ ಪಟ್ಟಿ ಮಾಡಿಕೊಂಡು ಹಿತ್ತಲಿಗೆ ಹೋದರೆ, ಈಕೆ ಸೀಬೆಹಣ್ಣು ಕಚ್ಚುತ್ತ ಕಲ್ಲಿನ ಮೇಲೆ ಕೂತಿದ್ದಳು. ಪಟ್ಟಿ ತೋರಿಸಿದೆ. ಬಾಯಿ ತುಂಬಿದ್ದರಿಂದ ತಲೆ ಆಡಿಸಿಯೇ ವ್ಯವಹಾರ ಮುಗಿಸಿದಳು. ಹೀಗೆ ಒಂದು ಮಾವು, ಎರಡು ಸೀಬೆ, ಒಂದು ಸಪೋಟ ನಮ್ಮದಾದವು, ಅವುಗಳ ಜೊತೆಗೆ ನಾಲ್ಕು ಕೋಣೆಯ ಒಂದು ಮನೆಯೂ ಬಂತು.

ಆ ಮನೆಯ ಬಚ್ಚಲು ಎಂಥದ್ದೆಂದರೆ, ಒಳಗೆ ಹೋದವನು ಬಗ್ಗಿ ಹೋಗಿ, ಬಗ್ಗಿಯೇ ಮಿಂದು, ಬಗ್ಗಿಯೇ ಹೊರಬರಬೇಕು. ಮೊದಲು ಇದರ ಜೀರ್ಣೋದ್ಧಾರವಾಗಲಿ ಎಂದು ಘೋಷಿಸಿದವನು ನಾನೇ. (ಈ ಮಾತನ್ನು ನನ್ನ ಹೆಂಡತಿ ವಾರಕ್ಕೆ ಮೂರು ಸಲ ನೆನಪಿಸುವುದರಿಂದ, ಮುಚ್ಚಿಟ್ಟು ಪ್ರಯೋಜನವಿಲ್ಲ.) ಹೊಸದು ಕಟ್ಟಿ ಆಮೇಲೆ ಹಳೆಯದನ್ನು ಒಡೆಸೋಣ ಎಂದು ಅವಳು ಹೇಳಿದ್ದಳು. ಕಟ್ಟಡದ ಕೆಲಸದಲ್ಲಿ ಹೆಂಗಸರ ಮಾತು ಕೇಳಿದರೆ ಅದು ಯೋಜನಾಬದ್ಧವಾಗುವುದಿಲ್ಲ ಎಂಬುದು ಆಗಿನ ನನ್ನ ದೃಢ ನಂಬಿಕೆ. ಮೊದಲ ದಿನವೇ ಬಚ್ಚಲನ್ನು ನೆಲಸಮ ಮಾಡಿಸಿದೆ. ಕಕ್ಕಸು ಬೇರೆ ಇದ್ದದ್ದರಿಂದ ಅಷ್ಟರಮಟ್ಟಿಗೆ ಮಾನ ಉಳಿಯಿತು.

ಹದಿನೈದು ದಿನದ ಕೆಲಸ ಎಂದಿದ್ದ ಮೇಸ್ತ್ರಿ. ಅಲ್ಲಿಯವರೆಗೆ ಇರಲಿ ಎಂದು ತಗಡು ನಿಲ್ಲಿಸಿಕೊಟ್ಟ. ಹೆಂಡತಿ ಬಟ್ಟೆಯ ಗಂಟು ಹಿಡಿದು ಎರಡು ಬೀದಿ ಆಚೆಯ ತನ್ನ ಅಕ್ಕನ ಮನೆಗೆ ಹೋಗಿ ಮಿಂದು ಬರತೊಡಗಿದಳು. ನಾನೂ ಒಂದು ದಿನ ಹೋಗಿದ್ದೆ. ನನ್ನ ಷಡ್ಡಕ ತನ್ನ ಬಚ್ಚಲಿನ ಬಾಗಿಲ ಹೊರಗೆ ನಿಂತು, ಯಾವ ನಲ್ಲಿ ಎಡಕ್ಕೆ ತಿರುಗಿಸಬೇಕು, ಯಾವುದು ಬಲಕ್ಕೆ, ಇಷ್ಟು ಚೆನ್ನಾದ ಬಚ್ಚಲನ್ನು ತಾನು ಹನ್ನೆರಡೇ ದಿನದಲ್ಲಿ ಹೇಗೆ ಕಟ್ಟಿಸಿದೆ ಎಂದು ನಾನು ಮೈ ಒರೆಸಿಕೊಳ್ಳುವವರೆಗೂ ವಿವರಿಸಿದ. ಇದಕ್ಕಿಂತ ತಗಡೇ ವಾಸಿ ಎಂದು ಹಿತ್ತಲಿಗೆ ಮರಳಿದೆ.

ತಗಡಿನಲ್ಲೂ ನೆಮ್ಮದಿಯಿರಲಿಲ್ಲ. ಪಕ್ಕದ ಮನೆಯ ಮಹಡಿಯಲ್ಲಿ ಬಾಡಿಗೆಗಿರುವವರು ನಮ್ಮ ಆಫೀಸಿನ ಮ್ಯಾನೇಜರು. (ಮನೆ ಕೊಳ್ಳುವಾಗ ಗೆದ್ದಲಿದೆಯೇ ಎಂದು ನೋಡಿದ್ದೆ, ಮ್ಯಾನೇಜರ್ ಇದ್ದಾರೆಯೇ ಎಂದು ನೋಡಿರಲಿಲ್ಲ.) ಬೆಳಿಗ್ಗೆ ಏಳೂವರೆಗೆ ಅವರು ಕಾಫಿ ಹಿಡಿದು ಬಾಲ್ಕನಿಗೆ ಬರುತ್ತಾರೆ. ನಮ್ಮ ಕೊಳಾಯಿಯಲ್ಲಿ ನೀರು ಬರುವುದೂ ಏಳೂವರೆಗೇ. ನಡುವೆ ಮಾವಿನ ಕೊಂಬೆಯಿದ್ದದ್ದರಿಂದ ಅವರು ನನಗೂ, ನಾನು ಅವರಿಗೂ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು. ತಲೆಗೆ ನೀರು ಬಿದ್ದ ಸದ್ದಾದ ತಕ್ಷಣ, "ಏನ್ರೀ, ಆ ಹಳೇ ಕಡತ ಮುಗೀತಾ?" ಎಂದು ಎಲೆಗಳ ಮಧ್ಯದಿಂದ ಪ್ರಶ್ನೆ ಬರುತ್ತಿತ್ತು. ಮುಖದ ತುಂಬ ಸೋಪು, ಕಣ್ಣು ಬಿಡುವಂತಿಲ್ಲ. ಕೈಯಲ್ಲಿ ಚೊಂಬು ಹಿಡಿದುಕೊಂಡು ನೆಟ್ಟಗೆ ನಿಂತು, ಇವತ್ತು ಮುಗಿಸಿಬಿಡುತ್ತೇನೆ ಸಾರ್ ಎನ್ನುತ್ತಿದ್ದೆ. ಆಫೀಸಿನಲ್ಲಿ ಹಾಜರಿ ಹಾಕುವ ಮೊದಲೇ ನನ್ನ ಅರ್ಧ ದಿನದ ಕೆಲಸ ಹೀಗೆ ಹಿತ್ತಲಿನಲ್ಲಿ ನಡೆದುಹೋಗುತ್ತಿತ್ತು. ಬಟ್ಟೆಯಿಲ್ಲದೆ ಮೇಲಧಿಕಾರಿಗೆ ಉತ್ತರ ಕೊಡುವುದು ಎಂಥ ಹಿಂಸೆ ಎಂದು ಕೊಟ್ಟವನಿಗೇ ಗೊತ್ತು.

ಹದಿನೈದು ದಿನ ಮೂವತ್ತಾಯಿತು, ಮೂವತ್ತು ಅರವತ್ತಾಯಿತು. ಕೆಲಸ ಏಕೆ ಸಾಗುತ್ತಿಲ್ಲ ಎಂದು ಒಂದು ಭಾನುವಾರ ಕುರ್ಚಿ ಹಾಕಿಕೊಂಡು ಕೂತು ನೋಡಿದೆ. ಹತ್ತು ಗಂಟೆಗೆ ಮೇಸ್ತ್ರಿ ಮೂರು ಟೈಲು ಕೂರಿಸಿದ. ಹನ್ನೊಂದಕ್ಕೆ ನನ್ನ ಹೆಂಡತಿ ತಟ್ಟೆಯ ತುಂಬ ಸೀಬೆಹಣ್ಣು ಹೆಚ್ಚಿ, ಉಪ್ಪು ಹಚ್ಚಿ ತಂದಳು. ಆಮೇಲೆ ಇಬ್ಬರೂ ಮರದ ಕೆಳಗೆ ಕೂತು, ಯಾವ ಕೊಂಬೆಯ ಹಣ್ಣು ರುಚಿ, ಸಪೋಟ ಯಾವಾಗ ಕೀಳಬೇಕು, ಮಾವಿಗೆ ಇನ್ನೆಷ್ಟು ದಿನ ಬೇಕು ಎಂದು ಮುಕ್ಕಾಲು ಗಂಟೆ ವಿಚಾರ ಸಂಕಿರಣ ನಡೆಸಿದರು. ನಾಲ್ಕು ಗಂಟೆಗೆ ಸಪೋಟ ಬಂತು, ಅದರ ಸಂಕಿರಣ ಬೇರೆ. ಆತ ಅವಳನ್ನು ಅಕ್ಕಾ ಎನ್ನುತ್ತಾನೆ. ಆ ಸಂಬಂಧದಲ್ಲಿ ನನಗೆ ಬಾಮೈದನಾಗಬೇಕು, ಆದರೆ ನನ್ನನ್ನು ಮಾತ್ರ ಸಾರ್ ಎಂದು ದೂರವಿಡುತ್ತಾನೆ.

ಅವನಿಗೆ ಹಣ್ಣು ಕೊಡುವುದನ್ನು ಸ್ವಲ್ಪ ಕಡಿಮೆ ಮಾಡು ಎಂದು ಮೆತ್ತಗೆ ಹೇಳಿ ನೋಡಿದೆ.

"ಬಿಸಿಲಲ್ಲಿ ಕೆಲಸ ಮಾಡೋರಿಗೆ ಒಂದು ಹಣ್ಣು ಕೊಟ್ರೆ ನಿಮ್ಮ ಗಂಟೇನು ಹೋಗತ್ತೆ?"

"ಬಿಸಿಲಲ್ಲಿ ಸ್ನಾನ ಮಾಡೋನು ನಾನು ಕಣೇ. ಅವನು ನೆರಳಲ್ಲೇ ಇದ್ದಾನೆ."

"ನೀವೂ ತಿನ್ನಿ, ಯಾರು ಬೇಡ ಅಂದ್ರು?" ಎಂದು ಒಂದು ಹೋಳನ್ನು ನನ್ನ ಬಾಯಿಗಿಟ್ಟಳು. ಹಣ್ಣು ಚೆನ್ನಾಗಿತ್ತು ಎಂಬುದು ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

ಅದೇ ವಾರ ಮೇಸ್ತ್ರಿ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. "ಇಲ್ಲಪ್ಪ, ಇಲ್ಲಿ ಮಾವಿನಕಾಯಿ ಆಗೋವರೆಗೂ ಬೇರೆ ಕಡೆ ಕೆಲಸ ಒಪ್ಪಲ್ಲ." ನನ್ನ ಮೈಯೆಲ್ಲ ಉರಿದುಹೋಯಿತು. ಈ ಮಹಾನುಭಾವ ನನ್ನ ಬಚ್ಚಲನ್ನು ಮಾವಿನ ಸುಗ್ಗಿಯವರೆಗೆ ಎಳೆಯುತ್ತಿದ್ದಾನೆ. ಇವನ ನಾಲಿಗೆಯ ಚಪಲಕ್ಕೆ ನಾನು ಮೇಲಧಿಕಾರಿಯ ಪ್ರಶ್ನೆಗೆ ಚೊಂಬು ಹಿಡಿದು ನಿಲ್ಲಬೇಕು. ಹಾಗೆ ಕುದಿಯುತ್ತಿರುವಾಗಲೇ ನನಗೆ ಆ ಯೋಚನೆ ಹೊಳೆಯಿತು. ಮರದಲ್ಲಿ ಮಾವೇ ಇಲ್ಲದಿದ್ದರೆ ಮೇಸ್ತ್ರಿ ಯಾವುದಕ್ಕೆ ಕಾಯುತ್ತಾನೆ? ಇಷ್ಟು ಸರಳವಾದದ್ದು ಅರವತ್ತು ದಿನ ಏಕೆ ಹೊಳೆಯಲಿಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಸಮಯವೂ ಕೂಡಿ ಬಂತು. ಗುರುವಾರ ಬೇರೆ ಕೆಲಸವಿದೆ, ಸಂಜೆ ಬರುತ್ತೇನೆ ಎಂದು ಮೇಸ್ತ್ರಿ ಹೇಳಿದ್ದ. ಹೆಂಡತಿ ಇಡೀ ದಿನ ಅಕ್ಕನ ಮನೆಯಲ್ಲಿರುವವಳಿದ್ದಳು. ನಾನು ಜ್ವರವೆಂದು ಎರಡು ದಿನ ರಜೆ ಬರೆದು ಕಳುಹಿಸಿದೆ. ಮ್ಯಾನೇಜರು ಆಫೀಸಿಗೆ ಹೊರಟದ್ದನ್ನು ಕಿಟಕಿಯ ಸಂದಿಯಿಂದ ಖಚಿತಪಡಿಸಿಕೊಂಡು, ಮೇಸ್ತ್ರಿಯದೇ ಏಣಿ ಹತ್ತಿ, ದೋಟಿ ಹಿಡಿದು ಕಾಯಿ ಕೀಳತೊಡಗಿದೆ. ಮೊದಲಿನ ಹತ್ತನ್ನು ಮೃದುವಾಗಿ ಇಳಿಸಿದೆ. ಆಮೇಲೆ ತೊಟ್ಟಿನ ಸೋನೆ ತಾಗಿ ಕುತ್ತಿಗೆ ಉರಿಯಹತ್ತಿತು, ಇರುವೆಗಳು ಅಂಗಿಯೊಳಗೆ ಇಳಿದವು, ಕೈಗೆ ಸಿಕ್ಕಂತೆ ಕಿತ್ತು ಗೋಣಿಗೆ ತುಂಬಿದೆ. ಮಧ್ಯಾಹ್ನದ ಹೊತ್ತಿಗೆ ಮರದಲ್ಲಿ ಒಂದೂ ಕಾಯಿ ಉಳಿದಿರಲಿಲ್ಲ. ಇನ್ನೂರ ಹದಿನೆಂಟು ಕಾಯಿ. ಮನೆಯೊಳಗೆ ಇಟ್ಟರೆ ಹೆಂಡತಿಗೆ ಕಾಣುತ್ತದೆಂದು, ಗೋಡೆ ಎದ್ದು ಟೈಲು ಕೂತು ಬಾಗಿಲಿಲ್ಲದೆ ನಿಂತಿದ್ದ ಹೊಸ ಬಚ್ಚಲಿನಲ್ಲಿ ಸುರಿದು ಗೋಣಿ ಮುಚ್ಚಿದೆ. ಮರುದಿನ ಮಾರುಕಟ್ಟೆಗೆ ಸಾಗಿಸಿ, ಕಳ್ಳರ ಮೇಲೆ ಹಾಕಿಬಿಡುವುದು ನನ್ನ ಯೋಜನೆಯ ಎರಡನೆಯ ಭಾಗ.

ಸಂಜೆ ಐದಕ್ಕೆ ಹೆಂಡತಿ ಬಂದಳು. ಅವಳ ಹಿಂದೆಯೇ ಕೈಗಾಡಿ ತಳ್ಳಿಕೊಂಡು ಮೇಸ್ತ್ರಿ ಬಂದ. ಗಾಡಿಯ ಮೇಲೆ ಒಂದು ಬಾಗಿಲಿತ್ತು. ಬಣ್ಣ ಬಳಿದು, ತಿರುಗಣಿ ಕೂರಿಸಿ, ಒಳಗೆ ಹೊರಗೆ ಎರಡೂ ಕಡೆ ಚಿಲಕ ಹಾಕಿದ, ಹೊಚ್ಚಹೊಸ ಬಾಗಿಲು.

"ಬಡಗಿ ಎರಡು ತಿಂಗಳಿಂದ ಇವತ್ತು ನಾಳೆ ಅಂತಿದ್ದ. ಇವತ್ತು ಅವನ ಮನೇಲೇ ಕೂತು ಮಾಡಿಸಿಕೊಂಡು ಬಂದೆ ಸಾರ್," ಎಂದ ಮೇಸ್ತ್ರಿ. "ಈಗ ಕೂರಿಸಿಬಿಟ್ರೆ ಬೆಳಿಗ್ಗೆ ನೀವು ಒಳಗೇ ಸ್ನಾನ ಮಾಡ್ಬಹುದು."

ಹಾಗಾದರೆ ಮಾವಿನಕಾಯಿ ಆಗುವವರೆಗೆ ಎಂದು ಫೋನಿನಲ್ಲಿ ಹೇಳಿದ್ದು ಏನು ಎಂದು ಕೇಳಿಯೇಬಿಟ್ಟೆ. ಬಚ್ಚಲು ಮುಗಿದ ಮೇಲೆ, ಒಂದೂ ಪೆಟ್ಟಾಗದ ಹಾಗೆ ಕಾಯಿ ಇಳಿಸಿಕೊಡುತ್ತೇನೆಂದು ತನ್ನ ಅಕ್ಕನಿಗೆ, ಎಂದರೆ ನನ್ನ ಹೆಂಡತಿಗೆ, ಮಾತು ಕೊಟ್ಟಿದ್ದನಂತೆ. ಅಷ್ಟರಲ್ಲಿ ಅಕ್ಕ ಬಚ್ಚಲಿನ ಗೋಣಿ ಎತ್ತಿದ್ದಳು.

"ಇದೇನ್ರೀ?"

"ಮಾವಿನಕಾಯಿ," ಎಂದೆ.

"ಅದು ನಂಗೂ ಕಾಣತ್ತೆ. ಮರದಲ್ಲಿದ್ದದ್ದು ತಾವೇ ನಡ್ಕೊಂಡು ಬಂದ್ವಾ?"

ಕಳ್ಳರ ವಿಷಯ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ನನ್ನ ಕುತ್ತಿಗೆಯ ಮೇಲೆ ಸೋನೆ ಸುಟ್ಟ ಗುರುತು ಎದ್ದು ಕಾಣುತ್ತಿತ್ತು, ಕಾಲರಿನ ಮೇಲೆ ಇರುವೆಯೊಂದು ಇನ್ನೂ ಓಡಾಡುತ್ತಿತ್ತು. ನಿಜ ಹೇಳಿದೆ. ಆಕೆ ಬೈಯಲಿಲ್ಲ. ಒಂದೊಂದೇ ಕಾಯಿ ಎತ್ತಿ, ಪೆಟ್ಟಾದ ಜಾಗವನ್ನು ಸೆರಗಿನಿಂದ ಒರೆಸತೊಡಗಿದಳು. ಮನೆ ನೋಡಲು ಬಂದ ದಿನದಿಂದ ಈ ಹಣ್ಣಿಗೆ ಕಾದವಳು. ಬೈದಿದ್ದರೆ ನನಗೆ ಎಷ್ಟೋ ಹಾಯೆನಿಸುತ್ತಿತ್ತು.

ಮೇಸ್ತ್ರಿ ಒಂದು ಕಾಯಿಯನ್ನು ಮೂಸಿ ನೋಡಿ ತೀರ್ಪು ಕೊಟ್ಟ. "ಇನ್ನೊಂದು ವಾರ ಮರದಲ್ಲಿರಬೇಕಿತ್ತು ಅಕ್ಕಾ. ಪರವಾಗಿಲ್ಲ, ಹುಲ್ಲು ಹಾಸಿ ಅಡೆ ಹಾಕಿದ್ರೆ ಹಣ್ಣಾಗತ್ತೆ. ಗಾಳಿ ಆಡಬಾರದು, ಬೆಳಕು ಬೀಳಬಾರದು, ಇಲಿ ನುಗ್ಗಬಾರದು. ಮುಖ್ಯ, ಒಂದು ಹನಿ ನೀರು ತಾಗಬಾರದು."

ಮನೆಯಲ್ಲಿ ಅಂಥ ಜಾಗ ಒಂದೇ ಇತ್ತು. ಉಳಿದ ನಾಲ್ಕೂ ಕೋಣೆಗಳ ಸೋರುವ ಮೂಲೆಗಳ ಪಟ್ಟಿ ನನ್ನದೇ ಅಕ್ಷರದಲ್ಲಿತ್ತು. ಮೂವರೂ ಹೊಸ ಬಚ್ಚಲಿನ ಕಡೆ ನೋಡಿದೆವು. ಅರ್ಧ ಗಂಟೆಯಲ್ಲಿ ಟೈಲಿನ ಮೇಲೆ ಹುಲ್ಲು ಬಿತ್ತು, ಹುಲ್ಲಿನ ಮೇಲೆ ಕಾಯಿ ಕೂತವು, ಬಾಗಿಲು ನಿಂತಿತು. ಹೆಂಡತಿ ಹೊರಗಿನ ಚಿಲಕ ಎಳೆದು, ಬೀಗ ಜಡಿದು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಷ್ಟು ದಿನ ಎಂದು ಅಂಗಲಾಚಿದೆ. ಹಣ್ಣಾಗುವವರೆಗೆ, ಆಮೇಲೆ ತಿಂದು ಮುಗಿಯುವವರೆಗೆ ಎಂದು ಅಪ್ಪಣೆಯಾಯಿತು.

ಮರುದಿನ ಏಳೂವರೆಗೆ ಟವಲು ಹೆಗಲಿಗೆ ಹಾಕಿಕೊಂಡು ಮತ್ತೆ ತಗಡಿನೊಳಗೆ ಹೊಕ್ಕೆ. ಇನ್ನು ಹತ್ತು ಹದಿನೈದು ದಿನ ತಾನೇ, ತಡೆದುಕೊಂಡರಾಯಿತು ಎಂದು ಸಮಾಧಾನ ಹೇಳಿಕೊಂಡು ಎರಡು ಚೊಂಬು ಸುರಿದುಕೊಂಡು ಕಣ್ಣು ಬಿಟ್ಟೆ. ಎದುರಿಗೆ ಬಾಲ್ಕನಿ. ಬಾಲ್ಕನಿಯ ಕಂಬಿ, ಕಂಬಿಯ ಮೇಲೆ ಕಾಫಿ ಲೋಟ, ಲೋಟದ ಹಿಂದೆ ಮ್ಯಾನೇಜರು, ಎಲ್ಲವೂ ಸ್ಪಷ್ಟ. ಇಷ್ಟು ದಿನ ಕಾಯಿಯ ಭಾರಕ್ಕೆ ಜಗ್ಗಿ ನಮ್ಮಿಬ್ಬರ ನಡುವೆ ಪರದೆಯಂತೆ ಇಳಿಬಿದ್ದಿದ್ದ ಕೊಂಬೆಗಳು, ನಾನು ಭಾರ ಇಳಿಸಿದ ಉಪಕಾರಕ್ಕೆ ಒಂದೊಂದೂ ಮೂರು ಅಡಿ ಮೇಲೆದ್ದು ಆರಾಮವಾಗಿ ನಿಂತಿದ್ದವು. ಮಹಡಿಯ ಮೇಲಿಂದ ನೋಡುವವರಿಗೆ ಎದೆಯೆತ್ತರದ ತಗಡು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ನಾನು ಚೊಂಬನ್ನು ಅಡ್ಡ ಹಿಡಿದು ಗರಬಡಿದವನಂತೆ ನಿಂತೆ. ಅವರು ಲೋಟ ಕೈಗೆತ್ತಿಕೊಂಡರು. ತಣ್ಣೀರಿನಲ್ಲಿ ತೊಯ್ದ ನನ್ನನ್ನು ಒಮ್ಮೆ ನೋಡಿ, ಬೇರೆ ಕಡೆ ತಿರುಗಿದರು.

"ಜ್ವರ ಬಿಟ್ಟ ಹಾಗಿದೆ," ಎಂದರು. ಆಮೇಲೆ ಒಳಗೆ ಹೆಜ್ಜೆಯಿಡುತ್ತ, "ನೀವು ಸ್ನಾನ ಮುಗಿಸಿ. ನಾನು ಇನ್ಮೇಲೆ ಕಾಫಿ ಒಳಗೇ ಕುಡೀತೀನಿ."

ಅಂದಿನಿಂದ ಆಫೀಸಿನಲ್ಲಿ ಅವರು ನನಗೆ ಕೆಲಸ ಹೇಳುವಾಗ ಗೋಡೆಯ ಗಡಿಯಾರ ನೋಡಿಕೊಂಡೇ ಹೇಳುತ್ತಾರೆ.