ಹಾಳೆಗೊಂದು ಹುಣಸೆಬೀಜ

ಹಾಲಿಗೆ ಅಳತೆಯುಂಟು, ಜೋಳಕ್ಕೆ ಸೇರುಂಟು, ಓದಿಗೆ ಏನಿದೆ? ಪುಸ್ತಕ ಹಿಡಿದು ಕುಳಿತವಳು ಎಷ್ಟು ಓದಿದಳು, ಎಷ್ಟು ಹಾರಿಸಿದಳು ಎಂಬುದು ಅವಳಿಗೂ ದೇವರಿಗೂ ಮಾತ್ರ ಗೊತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಪ್ರತಿ ಶನಿವಾರ "ಈ ವಾರ ಎಷ್ಟು ಪುಟ?" ಎಂದು ಕೇಳುತ್ತಿದ್ದರು. ನಾನು ಹೇಳಿದಷ್ಟನ್ನು ಮರುಮಾತಿಲ್ಲದೆ ಬರೆದುಕೊಳ್ಳುತ್ತಿದ್ದರು. ಆ ನಂಬಿಕೆಯೇ ನನ್ನನ್ನು ಕೆಡಿಸಿತೆಂದು ಈಗ ಅನ್ನಿಸುತ್ತದೆ. ಮದುವೆಯಾಗಿ ಹುನಗುಂದಕ್ಕೆ ಬಂದ ಮೇಲೆ ನನ್ನ ಓದನ್ನು ಸರಿಯಾಗಿ ಎಣಿಸಿದವರು ನಮ್ಮ ಅತ್ತೆಯವರು; ಅದೂ ಕಣ್ಣು ಕಾಣದೆ.

ಅತ್ತೆಯವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎನ್ನುವಷ್ಟು ತಿಳಿಯುತ್ತಿತ್ತೇ ಹೊರತು ಯಾರೆಂದು ತಿಳಿಯುತ್ತಿರಲಿಲ್ಲ. ಪೊರೆ ತೆಗೆಯುವ ಡಾಕ್ಟರರು ಬಾಗಲಕೋಟೆಗೆ ವರ್ಷಕ್ಕೊಮ್ಮೆ ಬರುತ್ತಿದ್ದರು. ಆ ವರ್ಷ ದೀಪಾವಳಿ ಕಳೆದ ಸೋಮವಾರ ಬರುತ್ತಾರೆಂದು ನಮ್ಮ ಯಜಮಾನರು ಕಚೇರಿಯಿಂದ ಸುದ್ದಿ ತಂದರು. ಆ ದಿನ ತಪ್ಪಿದರೆ ಮತ್ತೊಂದು ವರ್ಷ ಕಾಯಬೇಕು. ಅಷ್ಟರಲ್ಲಿ ಇದ್ದ ಮಸುಕು ಬೆಳಕೂ ಹೋಗಬಹುದು.

ಅತ್ತೆಯವರು ಬತ್ತಿ ಹೊಸೆಯುತ್ತಲೇ ಹೇಳಿದರು. "ನಾ ಬರೂದಿಲ್ಲಂತ ಯಾರಂದ್ರು? ಆದ್ರ ಮನಿಯಾನ ಪುರಾಣ ಮೊದಲಿಂದ ಕಡೀತನಕ ಕೇಳಿ ಮಂಗಲ ಮಾಡ್ತೇನಂತ ಬೇಡ್ಕೊಂಡೇನಿ. ಅದೊಂದು ಮುಗೀಲಿ."

"ಎಷ್ಟು ದೊಡ್ಡದೈತಿ ಅದು?" ಎಂದು ಇವರು ಕೇಳಿದರು.

"ನಿನಗ ಎಣಸಾಕ ಬರ್ತೈತಿಲ್ಲ? ಎಣಸು."

ಇವರು ಎಣಿಸಿದರು. ಇನ್ನೂರ ಹತ್ತು ಹಾಳೆ. ಉಳಿದದ್ದು ಮೂವತ್ತೈದು ದಿನ. ದಿನಕ್ಕೆ ಆರು ಹಾಳೆ ಎಂದು ಭಾಗಿಸಿ, ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಕಚೇರಿಗೆ ಹೋದರು. ಭಾಗಾಕಾರ ಗಂಡಸರದು, ಓದು ಹೆಂಗಸರದು ಎಂಬ ಪದ್ಧತಿ ನಮ್ಮ ಮನೆಯಲ್ಲಿ ಅಂದು ಶುರುವಾಯಿತು.

ಅತ್ತೆಯವರು ತಮ್ಮ ಲೆಕ್ಕವನ್ನು ತಾವೇ ಕಟ್ಟಿಕೊಂಡರು. ಹಿತ್ತಾಳೆಯ ಬಟ್ಟಲಲ್ಲಿ ಇನ್ನೂರ ಹತ್ತು ಹುಣಸೆಬೀಜ. ನಾನು ಹಾಳೆ ತಿರುವಿದ ಸದ್ದು ಕೇಳಿದೊಡನೆ ಒಂದು ಬೀಜ ಎತ್ತಿ ಪಕ್ಕದ ಬುಟ್ಟಿಗೆ ಹಾಕುವುದು. ಬಟ್ಟಲು ಬರಿದಾದ ದಿನ ಪುರಾಣ ಮುಗಿಯಿತು. ಇದಕ್ಕಿಂತ ಸರಳವಾದ ಏರ್ಪಾಡು ಇನ್ನೇನಿದೆ ಎಂದು ನಾನೂ ತಲೆದೂಗಿದೆ.

ತೊಡಕು ಮೊದಲ ದಿನವೇ ಬಂತು. ಗಟ್ಟಿಯಾಗಿ ಓದುವಾಗ ಕಣ್ಣು ಬಾಯಿಗಿಂತ ಒಂದು ಸಾಲು ಮುಂದಿರಬೇಕೆಂದು ಸಿಸ್ಟರ್ ನಮ್ಮನ್ನು ಪಳಗಿಸಿದ್ದರು. ಸಾಲಿನ ಕೆಳಗೆ ಬೆರಳಿಟ್ಟರೆ ಅದೇ ಬೆರಳಿಗೆ ರೂಲರಿನ ಏಟು. ಹಾಗಾಗಿ ಕೊನೆಯ ಸಾಲು ಬಾಯಲ್ಲಿರುವಾಗಲೇ ನನ್ನ ಕೈ ಹಾಳೆ ತಿರುವಿಬಿಡುತ್ತಿತ್ತು. ಅತ್ತೆಯವರ ಕೈ ಬೀಜದ ಮೇಲೆಯೇ ನಿಂತಿತು.

"ಹಾಳಿ ತಿರುವಿದಿ. ಮಾತು ಇನ್ನೂ ಹಿಂದಿನ ಹಾಳ್ಯಾಗೈತಿ. ನಾ ಬೀಜ ಈಗ ಎತ್ತಲ್ಯೋ, ಆಮ್ಯಾಲ ಎತ್ತಲ್ಯೋ?"

"ನಾ ಕಣ್ಣಿಲೆ ಮುಂದ ಓದಿಟ್ಕೊಂಡಿರ್ತೇನ್ರಿ ಅತ್ತೀ."

"ನೀ ಓದಿದ್ದು ನಿನ್ನ ಕಡೆ ಐತಿ ತಂಗಿ. ನನ್ನ ಕಿವಿಗೆ ಬಿದ್ದಷ್ಟಕ್ಕ ನನ್ನ ಬೀಜ."

ಅಂದಿನಿಂದ ಹಾಳೆಯ ಕೊನೆಗೆ ಬಾಯಿ ಮುಚ್ಚಿ, ಹಾಳೆ ತಿರುವಿ, ಬೀಜ ಬುಟ್ಟಿಗೆ ಬಿದ್ದ ಸದ್ದು ಕೇಳಿ, ಆಮೇಲೆ ಬಾಯಿ ತೆರೆಯಬೇಕೆಂದು ತೀರ್ಮಾನವಾಯಿತು. ಓದು ಹೆಜ್ಜೆಗೊಂದು ಎಡವುಗಲ್ಲಿರುವ ದಾರಿಯಂತಾಯಿತು. ಜೊತೆಗೆ ಪಕ್ಕದ ಮನೆಯ ಗಂಗವ್ವ ಎರಡನೆಯ ಹಾಳೆಗೆ ಬಂದು "ಎಲ್ಲಿಗೆ ಬಂತವಾ?" ಎನ್ನುವರು, ಅವರಿಗಾಗಿ ಹಿಂದಿನದನ್ನು ಮತ್ತೆ ಓದಬೇಕು. ಮತ್ತೆ ಓದಿದ್ದಕ್ಕೆ ಬೀಜವಿಲ್ಲ! ಹಾಗೆ ಓದಿಸಿಕೊಂಡ ಗಂಗವ್ವ ಕಂಬಕ್ಕೊರಗಿ ನಿದ್ದೆ ಹೋಗುತ್ತಿದ್ದರು. ಅವರ ನಿದ್ದೆಯ ಹಾಳೆಗಳಿಗೂ ಬೀಜ ಬೀಳುತ್ತಿತ್ತು. ಬೀಜಕ್ಕೆ ಗೊತ್ತಾಗುವುದು ಹಾಳೆ ದಾಟಿತೆಂದು ಮಾತ್ರ, ಮನಸ್ಸಿನಲ್ಲಿ ಉಳಿಯಿತೋ ಇಲ್ಲವೋ ಎಂದಲ್ಲ. ಈ ಮಾತನ್ನು ನಾನು ಸುಮ್ಮನೆ ಗಮನಿಸಿದೆ. ಗಮನಿಸಬಾರದಿತ್ತು.

ಹದಿನೈದು ದಿನ ಕಳೆದಾಗ ದಿನಕ್ಕೆ ನಾಲ್ಕೇ ಹಾಳೆ ಸಾಗಿತ್ತು. ಈ ನಡಿಗೆಯಲ್ಲಿ ಡಾಕ್ಟರರು ಬಂದು ಹೋದರೂ ಪುರಾಣ ಮುಗಿಯುವುದಿಲ್ಲ. ಮಧ್ಯಾಹ್ನ ರೊಟ್ಟಿ ಬಡಿದ ಕೈ ತೊಳೆದ ಕೂಡಲೇ ಕುಳಿತು, ಒಂದೇ ಉಸಿರಿಗೆ ಓಡಿಸತೊಡಗಿದೆ. ಹೀಗಿರುವಾಗ ಒಂದು ದಿನ ಯಾವ ಕಾಲದ್ದೋ ಪ್ರಸಾದದ ಬೆಲ್ಲ ಮೆತ್ತಿ ಎರಡು ಹಾಳೆ ಅಂಟಿಕೊಂಡು, ಒಟ್ಟಿಗೇ ತಿರುಗಿದವು. ರಾಜನು ಕಾಡಿಗೆ ಹೊರಟವನು ಮರುಸಾಲಿನಲ್ಲೇ ಅರಮನೆಯಲ್ಲಿ ಊಟಕ್ಕೆ ಕುಳಿತಿದ್ದ. ನಾನು ಗಾಬರಿಯಿಂದ ಅತ್ತೆಯವರ ಮುಖ ನೋಡಿದೆ. ಅವರು ಕೈ ಮುಗಿದುಕೊಂಡೇ ಇದ್ದರು. ಬೀಜ ಒಂದೇ ಬಿತ್ತು.

ಮೊದಲನೆಯದನ್ನು ಬೆಲ್ಲ ಮಾಡಿತು. ಉಳಿದದ್ದನ್ನು ನಾನು ಮಾಡಿದೆ. ವಂಶಾವಳಿ ಬಂದಲ್ಲಿ, ಕುದುರೆಗಳ ವರ್ಣನೆ ಬಂದಲ್ಲಿ ಎರಡೆರಡು ಹಾಳೆ ಒಟ್ಟಿಗೆ. ಅವರ ಕಣ್ಣಿಗಾಗಿಯೇ ಅಲ್ಲವೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಕಾನ್ವೆಂಟಿನ ಮನಸ್ಸು. ಪಾಪ ಮಾಡಿದರೂ ಎಣಿಸಿ ಮಾಡಬೇಕು. ಹಿಟ್ಟಿನ ಡಬ್ಬಿಯ ಹಿಂದೆ ಗೋಡೆಯ ಮೇಲೆ, ಬಿಟ್ಟ ಹಾಳೆಗೊಂದರಂತೆ ಇದ್ದಿಲಿನ ಗೀರು ಎಳೆಯುತ್ತ ಬಂದೆ. ಕೊನೆಗೆ ಹದಿನೆಂಟು ಗೀರಾದವು.

ಡಾಕ್ಟರರು ಬರುವುದಕ್ಕೆ ಎರಡು ದಿನ ಮುಂಚೆ ಮಂಗಲ. ಅತ್ತೆಯವರು ಇಳಕಲ್ ಸೀರೆ ಉಟ್ಟು ಕುಳಿತರು. ಗಂಗವ್ವ ಅಂದು ಮೊದಲ ಸಾಲಿಗೇ ಬಂದರು; ಹೋಳಿಗೆಯ ವಾಸನೆ ಅವರ ಮನೆಯವರೆಗೂ ಹೋಗಿತ್ತು. ಕೊನೆಯ ಸಾಲು ಓದಿ ಪುಸ್ತಕ ಮುಚ್ಚಿದೆ. ಅತ್ತೆಯವರು ಆ ಹಾಳೆಯ ಬೀಜ ಬುಟ್ಟಿಗೆ ಹಾಕಿ, ಮತ್ತೆ ಬಟ್ಟಲಿಗೆ ಕೈ ಹಾಕಿದರು. ಬೀಜಗಳು ಗಲಗಲ ಎಂದವು.

"ಇದೇನಿದು? ಪುಸ್ತಕ ಮುಗೀತು, ಬೀಜ ಮುಗೀಲಿಲ್ಲ! ಗಂಗವ್ವಾ, ಎಣಸ ನೋಡೂಣು."

ಗಂಗವ್ವ ಸೆರಗಿನ ಮೇಲೆ ಸುರುವಿಕೊಂಡು ಎಣಿಸಿದರು. "ಮೂವತ್ತೊಂದ್ ಅದಾವ ನೋಡ್ರಿ."

"ಮೂವತ್ತೊಂದ್ ಹಾಳಿ ನುಂಗಿದ್ಯಾ?" ಅತ್ತೆಯವರು ನನ್ನ ಕಡೆ ಮುಖ ತಿರುಗಿಸಿದರು.

ಸುಳ್ಳು ಹೇಳಲು ಬಾಯಿ ತೆರೆದವಳಿಗೆ ಸತ್ಯವೇ ಹೊರಗೆ ಬಿತ್ತು, ಅದೂ ಸಿಟ್ಟಿನಿಂದ. "ಇಲ್ರಿ ಅತ್ತೀ! ನಾ ಬಿಟ್ಟಿದ್ದು ಹದಿನೆಂಟ! ಗೋಡಿ ಮ್ಯಾಲ ಗೀರು ಹಾಕೇನಿ, ಬೇಕಾದ್ರ ನೋಡ್ರಿ!"

ಗಂಗವ್ವ ನನ್ನನ್ನು ನೋಡಿದರು, ಬೀಜಗಳನ್ನು ನೋಡಿದರು, ಆಮೇಲೆ ಅತ್ತೆಯವರನ್ನು ನೋಡಿದರು. "ಹಂಗಾರ ಇನ್ನ ಹದಿಮೂರು ಯಾರವು?"

ಅತ್ತೆಯವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಅವರು ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. "ನನ್ನವ," ಎಂದರು ಮೆಲ್ಲಗೆ. "ನೀ ಒಳಗ ಹ್ವಾದಾಗ ಬುಟ್ಟ್ಯಾಂದು ಒಂದೊಂದ ಹೊಳ್ಳಿ ಬಟ್ಟಲಕ್ಕ ಹಾಕ್ತಿದ್ನಿ. ಬೀಜ ಉಳದ್ರ ಪುರಾಣ ಪೂರಾ ಆಗಿಲ್ಲಂತ ಹೇಳಬೌದಲ್ಲ. ಕಣ್ಣಾಗ ಕತ್ತರಿ ಹಾಕ್ತಾರಂದ್ರ ನನಗ ಭಾಳ ಅಂಜಿಕಿ, ತಂಗಿ."

ಯಾರೂ ನಗಲಿಲ್ಲ. ಅವಸರವೊಂದೇ ನನ್ನ ಕಣ್ಣಿಗೆ ಕಂಡಿತ್ತು. ಎದುರು ಕೂತವರ ಅಂಜಿಕೆ ಕಂಡಿರಲಿಲ್ಲ. ಒಂದು ಸಾಲು ಮುಂದೆ ಓಡುವ ಕಣ್ಣಿಗೆ ಎದುರಿನ ಮುಖ ಕಾಣುವುದಿಲ್ಲವೆಂದು ಸಿಸ್ಟರ್ ಹೇಳಿಕೊಟ್ಟಿರಲಿಲ್ಲ. "ಈಗ ಕೂತು ಹದಿನೆಂಟನೂ ಓದ್ತೇನ್ರಿ ಅತ್ತೀ, ನಾಳೆ ಬಸ್ಸ ಹತ್ತೂತನಕ ಹೊತ್ತ ಐತಲ್ಲ," ಎಂದೆ.

ಅತ್ತೆಯವರು ಹದಿನೆಂಟು ಬೀಜ ಎಣಿಸಿಕೊಂಡು ಸೆರಗಿನ ತುದಿಗೆ ಗಂಟು ಹಾಕಿದರು. "ಬ್ಯಾಡ. ಇವು ಬಾಕಿ ಇರ್ಲಿ. ಬಾಕಿ ಇಟ್ಟು ಹ್ವಾದವರನ್ನ ದೇವರು ಹೊಳ್ಳಿ ಕಳಸ್ತಾನ. ಕಣ್ಣು ಬಂದ್ರ ನಾನ ಓದ್ತೇನಿ. ನಮ್ಮಪ್ಪ ಅಕ್ಷರ ಕಲಿಸ್ಯಾನ ನನಗ."

"ಕಣ್ಣು ಬರ್ಲಿಲ್ಲಂದ್ರ?" ಎಂದುಬಿಟ್ಟರು ಗಂಗವ್ವ.

"ಬರ್ಲಿಲ್ಲಂದ್ರ ಇಕಿ ಅದಾಳಲ್ಲ. ಈ ಸಲ ನಾ ಹಾಳಿ ಮುಟ್ಟಿ ನೋಡ್ತೇನಿ."

ಭಾನುವಾರ ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆವು. ಶಸ್ತ್ರಕ್ರಿಯೆಯ ಮೇಲೆ ತಲೆ ಅಲುಗಾಡಿಸಬಾರದೆಂದು ಎರಡೂ ಬದಿಗೆ ಮರಳಿನ ಚೀಲ ಇಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರು. ಆ ದಿನಗಳಲ್ಲೆಲ್ಲ ಅವರ ಬೆರಳು ಸೆರಗಿನ ಗಂಟಿನಲ್ಲೇ ಇತ್ತು. ನರ್ಸಮ್ಮ ಅದನ್ನು ಜಪವೆಂದು ತಿಳಿದು ಗೌರವದಿಂದ ನಡೆದುಕೊಂಡರು. ಪಟ್ಟಿ ಬಿಚ್ಚಿದ ದಿನ ಅವರು ಮೊದಲು ನೋಡಿದ್ದು ನನ್ನನ್ನು. "ಇಷ್ಟ ತೆಳ್ಳಗ ಆಗೀಯಲ್ಲ ತಂಗಿ. ಊಟಾನೂ ಎರಡೆರಡು ಹಾಳಿ ಬಿಟ್ಟು ಮಾಡ್ತೀಯೇನು?" ಎಂದರು.

ಗಾಜಿನ ಬಿಲ್ಲೆಯಂಥ ದಪ್ಪ ಕನ್ನಡಕ ಬಂದ ಮೇಲೆ ಒಂದು ಮಧ್ಯಾಹ್ನ ಅವರು ಪುಸ್ತಕ ಬಿಚ್ಚಿ ಕುಳಿತರು. ಬಟ್ಟಲು, ಹದಿನೆಂಟು ಬೀಜ, ಬುಟ್ಟಿ ನನ್ನ ಮುಂದೆ. ಪ್ರತಿ ಸಾಲಿನ ಕೆಳಗೂ ಬೆರಳಿಟ್ಟು, ನಾನು ಬಿಟ್ಟ ಕುದುರೆಗಳನ್ನೆಲ್ಲ ಒಂದೊಂದಾಗಿ ನಡೆಸಿಕೊಂಡು ಬಂದರು. ಆ ಕುದುರೆಗಳು ಇಷ್ಟು ಚೆಂದವಿದ್ದವೆಂದು ನನಗೆ ಗೊತ್ತಿರಲಿಲ್ಲ. ಆದರೂ ಮನಸ್ಸು ಹಾಳು. ಮೂರನೆಯ ಹಾಳೆಗೆ ಒಲೆಯ ಮೇಲಿಟ್ಟ ಬೇಳೆ ನೆನಪಾಯಿತು. ಅವರು ಹಾಳೆ ತಿರುವಿದರು. ನನ್ನ ಕೈ ತಾನಾಗಿಯೇ ಬಟ್ಟಲಿಗೆ ಹೋಗಿ ಬುಟ್ಟಿಗೆ ಬಂತು.

ಅತ್ತೆಯವರು ಪುಸ್ತಕದಿಂದ ಕಣ್ಣೆತ್ತಲಿಲ್ಲ. "ಎರಡು ಬಿದ್ದುವು," ಎಂದರು. "ಒಂದ ಹೊಳ್ಳಿ ಹಾಕು."