ಅತ್ತೆಯ ಮಗ್ಗಕ್ಕಿಳಿದ ನನ್ನ ರಸ್ತೆ

ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನೆ. ನಮ್ಮ ಊರುಗಳ ರಸ್ತೆಗಳು ಮಾತ್ರ ಬೆಳೆಯುತ್ತಾ ಹೋಗುತ್ತವೆ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು. ಎರಡು ಮೆಟ್ಟಿಲು ಹತ್ತಿ ಹೋಗುತ್ತಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕು. ಈ ಬೆಳವಣಿಗೆಯಲ್ಲಿ ನನ್ನ ಪಾಲೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಚಳ್ಳಕೆರೆಯಲ್ಲಿ ರಸ್ತೆ, ಚರಂಡಿಗಳ ನಕ್ಷೆ ಬರೆದುಕೊಡುವ ಖಾಸಗಿ ಇಂಜಿನಿಯರು. ಜೊತೆಗೆ ಕಾಲೇಜುಗಳಲ್ಲಿ ಸುಸ್ಥಿರ ನಗರದ ಬಗ್ಗೆ ಭಾಷಣ ಮಾಡುವ ಖಯಾಲಿ. ಚೆನ್ನಾಗಿಯೇ ಮಾಡುತ್ತೇನೆ, ನಿದ್ದೆ ಹೋದವರೂ ಕೊನೆಗೆ ಎದ್ದು ಚಪ್ಪಾಳೆ ತಟ್ಟುತ್ತಾರೆ.

ನನ್ನ ಹೆಂಡತಿಯ ತವರು ಮೊಳಕಾಲ್ಮೂರು. ಅಲ್ಲಿ ಅತ್ತೆ ರೇಷ್ಮೆ ಸೀರೆ ನೇಯುತ್ತಾರೆ. ನೆಲದಲ್ಲಿ ತೋಡಿದ ಗುಣಿಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಅವರ ಬೀದಿಯ ರಸ್ತೆಯ ನಕ್ಷೆ ನನ್ನ ಪಾಲಿಗೇ ಬಂದಾಗ ಎದೆಯುಬ್ಬಿತು. ನಡುಬೀದಿಯಲ್ಲಿ ಮಟ್ಟ ನೋಡುವ ಯಂತ್ರ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ ನಿಂತರೆ ಎಂಥವನಿಗೂ ಗತ್ತು ಬರುತ್ತದೆ. ಹೆಣ್ಣಿನ ಕಡೆಯವರು ನನ್ನ ಫೋಟೋ ಕೇಳಿದಾಗಲೂ ಹಾಗೆ ನಿಂತದ್ದನ್ನೇ ಕಳಿಸಿದ್ದೆ. ಹುಡುಗ ಫೋಟೋಗ್ರಾಫರ್ ಎಂದುಕೊಂಡು ಅತ್ತೆ ಒಪ್ಪಿದರಂತೆ. ಇರಲಿ. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೇ ಕಾಂಕ್ರೀಟು ಹಾಕಿಸಿದೆ. ಇಡೀ ಬೀದಿ ಅಳೆದೆ. ಒಬ್ಬರ ಹೊಸ್ತಿಲನ್ನೂ ಅಳೆಯಲಿಲ್ಲ. "ಚರಂಡಿ ಎಲ್ಲೈತ್ರೀ?" ಎಂದು ಅತ್ತೆ ಕೇಳಿದ್ದಕ್ಕೆ, "ಈ ಸೀಮೆಗೆ ಮಳೆ ಎಲ್ಲಿ ಬರ್ತೈತೆ ಬಿಡ್ರಿ ಅತ್ತೆ" ಎಂದು ನಕ್ಕೆ. ಬೀದಿಯವರು ನನಗೆ ಶಾಲು ಹೊದಿಸಿದರು. ಬಿಸಿಲಿಗೆ ಬೆವರಿ, ಅದನ್ನು ಅತ್ತೆಮನೆಯ ಗೂಟಕ್ಕೇ ನೇತುಹಾಕಿ ಬಂದೆ.

ಮಳೆ ಬಂತು. ಅದೂ ನಾನು ಅತ್ತೆಮನೆಯಲ್ಲಿ ಊಟಕ್ಕೆ ಕೂತ ಮಧ್ಯಾಹ್ನವೇ. ಅತ್ತೆ ಮಗ್ಗದಲ್ಲಿದ್ದರು, ಎದುರುಮನೆ ಹುಡುಗಿಯ ಧಾರೆ ಸೀರೆ, ಇನ್ನೊಂದು ಮೊಳ ಬಾಕಿ. ಗಾಬರಿಯಾದರೆ ಅತ್ತೆಗೆ ತೆಲುಗು ಬರುತ್ತದೆ. "ಅಯ್ಯೋ, ನೀಳ್ಳೊಚ್ಚಾಯಿ!" ಎಂದು ಕೂಗಿದರು. ಅರ್ಥ ಹೇಳುವವರು ಬೇಕಾಗಲಿಲ್ಲ, ನೀರು ನನ್ನ ತಟ್ಟೆಯ ತನಕ ಬಂದಿತ್ತು. ಬೀದಿಯ ನೀರೆಲ್ಲ ಹೊಸ್ತಿಲು ದಾಟಿ ಗುಣಿಗೆ ಇಳಿಯುತ್ತಿತ್ತು. ಗುಣಿ ತುಂಬಿ ರೇಷ್ಮೆಯ ಎಳೆಗಳಿಗೆ ತಾಗಿದರೆ ಬಣ್ಣ ಬಿಟ್ಟು ಮದುವೆ ಸೀರೆಯೇ ಹಾಳು.

ಅತ್ತೆ ಗೂಟದ ಮೇಲಿದ್ದ ನನ್ನ ಶಾಲನ್ನು ಸೆಳೆದು, ಸುರುಳಿ ಸುತ್ತಿ ಹೊಸ್ತಿಲಿಗೆ ಒತ್ತಿದರು. "ನೋಡ್ತಾ ನಿಂತ್ರೆ ಹೆಂಗ್ರೀ ಅಳಿಯಂದ್ರೇ, ಗುಣಿಗಿಳೀರಿ!" ಇಳಿದೆ. ನಾನು ಚೊಂಬಿನಲ್ಲಿ ತೋಡಿ ಬಕೆಟ್ಟು ತುಂಬಿಸಿದೆ, ಅವರು ಹಿತ್ತಲಿಗೆ ಸುರಿದರು. ಬಗ್ಗಿದಲ್ಲಿಂದ ಬಾಗಿಲಾಚೆ ನೋಡಿದರೆ ನನ್ನ ರಸ್ತೆ ನನ್ನ ಮೂಗಿನ ಮಟ್ಟಕ್ಕಿತ್ತು. ನಿಜಕ್ಕೂ ನಾಚಿಕೆಯಾಯಿತು. ಮಳೆ ನಿಂತ ಮೇಲೆ ಅತ್ತೆ ಎಳೆಗಳನ್ನು ಬೆರಳಲ್ಲಿ ಸವರಿ, "ಏನೂ ಆಗಿಲ್ಲ, ಕೈ ತೊಳ್ಕಂಡು ಉಣ್ಣೇಳ್ರಿ" ಎಂದರು.

ಮರುವಾರವೇ ಹೊಸ್ತಿಲು ಹೊಸ್ತಿಲಿಗೂ ಮಟ್ಟ ಹಿಡಿದು ರಸ್ತೆಯಂಚಿಗೆ ಚರಂಡಿ ತೋಡಿಸಿದೆ. ಅತ್ತೆ ಒಂದು ಕೊಡ ನೀರು ಸುರಿದು, ಅದರ ಜೊತೆಗೇ ಬೀದಿಯ ಕೊನೆಯ ತನಕ ನಡೆದುಹೋಗಿ ನೋಡಿ, ಆಮೇಲೆ ಒಪ್ಪಿದರು.

ಮೊನ್ನೆ ಚಳ್ಳಕೆರೆಯ ಕಾಲೇಜೊಂದರವರು ಭಾಷಣಕ್ಕೆ ಕರೆದರು. ವಿಷಯ, ಮಳೆಗಾಳಿ ತಾಳಿಕೊಳ್ಳುವ ನಗರ. ಸನ್ಮಾನವೂ ಇದೆಯಂತೆ. ಅತ್ತೆಗೆ ಫೋನು ಮಾಡಿ ಹೇಳಿಕೊಂಡೆ.

"ಪಕ್ಕದ ಬೀದೀಗೂ ನಿಮ್ದೇ ಪ್ಲಾನಂತಲ್ರೀ?"

"ಹೌದತ್ತೆ" ಎಂದೆ ಹೆಮ್ಮೆಯಿಂದ.

"ಹಂಗಾದ್ರೆ ಶಾಲು ದಪ್ಪಂದು ಇಸ್ಕಳ್ರಿ."

ಈ ಸಲ ಹೊಸ್ತಿಲುಗಳನ್ನೆಲ್ಲ ಅಳೆದಿದ್ದೇನೆ, ಭಯವೇನೂ ಇಲ್ಲ. ಆದರೂ ಕಾಲೇಜಿನವರಿಗೆ ದಪ್ಪನೆಯದನ್ನೇ ತರಲು ಹೇಳಿದೆ.